ಗಾಜಿನ ಮೇಲೆ ಏಳು ಚೀಟಿ

ಗೊತ್ತಿಲ್ಲ ಎಂಬ ಮೂರಕ್ಷರದ ಮಾತನ್ನು ಸಕಾಲದಲ್ಲಿ ಆಡಿದ್ದರೆ ಲೋಕದ ಅರ್ಧ ತಾಪತ್ರಯ ಹುಟ್ಟುತ್ತಲೇ ಇರಲಿಲ್ಲ. ತಕ್ಕಡಿ ಕಂಪನಿಯ ಗುಮಾಸ್ತರಿಗೆ ಇದು ತಿಳಿಯದ ವಿಷಯವಲ್ಲ. ಆದರೆ ಆ ಮಾತು ಅವರ ಗಂಟಲಿನವರೆಗೆ ಬಂದು, ಅಲ್ಲಿ ಸ್ವಲ್ಪ ಹೊತ್ತು ನಿಂತು, ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಹೋಗಿಬಿಡುತ್ತಿತ್ತು.

ಆ ಕಂಪನಿ ತಕ್ಕಡಿ ಮಾರುತ್ತಿತ್ತು, ಕೆಟ್ಟರೆ ರಿಪೇರಿ ಮಾಡುತ್ತಿತ್ತು, ವರ್ಷಕ್ಕೊಮ್ಮೆ ತೂಕ ಸರಿಯಿದೆಯೇ ಎಂದು ತಪಾಸಣೆ ಮಾಡಿ ಗುಂಡನೆಯ ಚೀಟಿ ಅಂಟಿಸುತ್ತಿತ್ತು. ಪಾಸಾದರೆ ಹಸಿರು, ನಪಾಸಾದರೆ ಕೆಂಪು, ಇನ್ನೊಮ್ಮೆ ನೋಡಬೇಕಿದ್ದರೆ ಹಳದಿ. ದಿನಸಿ ಅಂಗಡಿ, ಅಕ್ಕಸಾಲಿ, ಹಸುಗೂಸು ತೂಗುವ ಆಸ್ಪತ್ರೆ, ಎಲ್ಲ ಸೇರಿ ಒಂದು ಸಾವಿರದ ಎಂಟುನೂರ ನಲವತ್ತಾರು ಗಿರಾಕಿಗಳು. ಇಷ್ಟೂ ಜನರ ವಿಳಾಸ, ಫೋನ್ ನಂಬರು, ತಪಾಸಣೆಯ ತಾರೀಖು ನಾಲ್ಕು ಬೆರಳು ದಪ್ಪದ ರಿಜಿಸ್ಟರಿನಲ್ಲಿದ್ದವು. ಆ ರಿಜಿಸ್ಟರು ಇಪ್ಪತ್ತೆರಡು ವರ್ಷದಿಂದ ಗುಮಾಸ್ತರ ಸುಪರ್ದಿಯಲ್ಲಿತ್ತು.

ಒಂದು ದಿನ ಯಜಮಾನರು ಎಲ್ಲರನ್ನೂ ಕರೆದು, ಇನ್ನು ಮುಂದೆ ಗಿರಾಕಿಗಳೆಲ್ಲ ಇಂಟರ್ನೆಟ್ಟಿನಲ್ಲಿ ಇರುತ್ತಾರೆ, ಅದಕ್ಕೆಂದೇ ಒಂದು ತಂತ್ರಾಂಶ ತಂದಿದ್ದೇನೆ, ಯಾರಿಗೆ ಬರುತ್ತದೆ ಎಂದು ಕೇಳಿದರು. ಫೋನ್ ಎತ್ತುವ ಕೆಲಸದಲ್ಲಿದ್ದು, ಆ ಕಾರಣಕ್ಕೆ ಟೆಲಿಫೋನಮ್ಮ ಎಂದೇ ಹೆಸರಾಗಿದ್ದ ಹುಡುಗಿ ಕೈಯನ್ನು ಅರ್ಧ ಎತ್ತಿದಳು. ಅವಳು ಕಂಪ್ಯೂಟರ್ ಕಲಿತವಳು. ಪೂರ್ತಿ ಎತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಷ್ಟರಲ್ಲಿ ಗುಮಾಸ್ತರು, "ಅದೇನು ಬ್ರಹ್ಮವಿದ್ಯೆನಾ ಸರ್, ನಾನು ನೋಡ್ಕೋತೀನಿ ಬಿಡಿ" ಅಂದುಬಿಟ್ಟರು. ಅಂದ ಮೇಲೆ ಅವರಿಗೇ ಆಶ್ಚರ್ಯವಾಯಿತು.

ಹೇಳಿಕೊಡಲು ಬಂದ ಯುವಕನಿಗೆ ಇನ್ನೂ ಮೂರು ಕಡೆ ಹೋಗಬೇಕಿತ್ತು. ಅವನು ಪರದೆಗೆ ಬೆರಳು ತೋರಿಸುತ್ತ, ಇಲ್ಲಿ ಒತ್ತಿ, ಆಮೇಲೆ ಇಲ್ಲಿ, ಆಮೇಲೆ ಇಲ್ಲಿ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಪುಟದ ಎಡಗಡೆ ಒಂದು ಪಟ್ಟಿ, ನೆತ್ತಿಯ ಮೇಲೆ ಇನ್ನೊಂದು ಪಟ್ಟಿ, ಬಲಮೂಲೆಯಲ್ಲಿ ಮೂರು ಚುಕ್ಕೆ. ಚುಕ್ಕೆ ಮುಟ್ಟಿದರೆ ಅದರ ಹೊಟ್ಟೆಯೊಳಗಿಂದ ಮತ್ತೊಂದು ಪಟ್ಟಿ. ಒಬ್ಬ ಗಿರಾಕಿಯ ಹೆಸರು ಒತ್ತಿದರೆ ಇಡೀ ಪುಟವೇ ಮಗ್ಗುಲು ಬದಲಿಸಿ ಬೇರೆಯದೇ ಪಟ್ಟಿಗಳನ್ನು ತೋರಿಸುತ್ತಿತ್ತು. ಅರ್ಥ ಆಯ್ತಾ ಸರ್ ಎಂದು ಅವನು ಕೇಳಿದಾಗಲೆಲ್ಲ ಗುಮಾಸ್ತರು, ಮುಂದೆ ಹೇಳಿ ಎನ್ನುತ್ತಿದ್ದರು.

ಅವನು ಹೋದ ಮೇಲೆ ತಲೆಯಲ್ಲಿ ಉಳಿದಿದ್ದು ಒಂದೇ: ಅವನ ಬೆರಳು ಎಲ್ಲೆಲ್ಲಿ ನಿಂತಿತ್ತು ಎಂಬುದು. ಅದೂ ಮರೆತುಹೋಗುವ ಮೊದಲು ಗುಮಾಸ್ತರು ಮೇಜಿನ ಖಾನೆಯಿಂದ ತಪಾಸಣೆಯ ಚೀಟಿಗಳನ್ನು ತೆಗೆದು, ಪರದೆಯ ಗಾಜಿನ ಮೇಲೆ ಆಯಾ ಜಾಗಕ್ಕೇ ಪಟಪಟನೆ ಅಂಟಿಸಿಬಿಟ್ಟರು. ಒಟ್ಟು ಏಳು. ಗಿರಾಕಿಗಳ ಪಟ್ಟಿ ತೆರೆಯುವ ಕಡೆ ಹಳದಿ, ಹುಡುಕುವ ಕಡೆ ಇನ್ನೊಂದು ಹಳದಿ, ಅಪ್ಪಿತಪ್ಪಿಯೂ ಮುಟ್ಟಬಾರದ ನಾಲ್ಕು ಕಡೆ ಕೆಂಪು, ಬರೆದದ್ದನ್ನು ಉಳಿಸುವ ಕಡೆ ಹಸಿರು. ಪುಟ ಮೇಲೆ ಕೆಳಗೆ ಜಾರಿದರೆ ಲೆಕ್ಕ ತಪ್ಪುತ್ತದಲ್ಲ, ಅದಕ್ಕೆ ಮೌಸಿನ ಚಕ್ರಕ್ಕೆ ಗಾಯಕ್ಕೆ ಹಾಕುವ ಪಟ್ಟಿ ಸುತ್ತಿದರು. ಬಾಣದ ಗುರುತನ್ನು ಚೀಟಿಯ ಹಿಂದಕ್ಕೆ ತೂರಿಸಿ ಕ್ಲಿಕ್ ಅನ್ನಿಸಿದರೆ ಮೂಲೆಯಲ್ಲಿ ಒಂದು ಹಸಿರು ಗುರುತು ಮಿಂಚಿ ಮಾಯವಾಗುತ್ತಿತ್ತು. ಕೆಲಸ ಆಯಿತೆಂದು ಅರ್ಥ.

ಇದೇನು ಸರ್ ಎಂದು ಟೆಲಿಫೋನಮ್ಮ ಕೇಳಿದಳು. ಗುಮಾಸ್ತರು, "ಅದೊಂದು ವಿಧಾನ" ಅಂದರು. ಆ ಗಾಂಭೀರ್ಯಕ್ಕೆ ಅವಳು ಮುಂದೆ ಕೇಳಲಿಲ್ಲ. ಚೀಟಿ ಹೊತ್ತ ಆ ಪರದೆ ವಿಮಾನ ನಡೆಸುವವರ ಮುಂದಿನ ಫಲಕದ ಹಾಗೆ ಕಾಣುತ್ತಿದ್ದುದರಿಂದ, ಗುಮಾಸ್ತರಿಗೆ ಕಂಪ್ಯೂಟರ್ ಕರತಲಾಮಲಕ ಎಂಬ ಮಾತು ಕಂಪನಿಯಿಂದ ಬೀದಿಗೂ ಬೀದಿಯಿಂದ ಅವರ ಮನೆಗೂ ಹಬ್ಬಿತು. ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ತಮ್ಮ ಮೊಬೈಲು ನಿಂತುಹೋದಾಗ ಅದನ್ನು ತಂದು ತೋರಿಸಿದರು. ಗುಮಾಸ್ತರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದಕ್ಕೆ ವಿಶ್ರಾಂತಿ ಬೇಕು ಎಂದು ಹಿಂತಿರುಗಿಸಿದರು. ರಾತ್ರಿಯೆಲ್ಲ ಚಾರ್ಜಿಗೆ ಇಟ್ಟ ಮೇಲೆ ಅದು ಸರಿಯಾಯಿತು. ಇನ್ನೇನು ಬೇಕು.

ಹದಿನೈದು ದಿನ ಸುಸೂತ್ರವಾಗಿ ನಡೆಯಿತು. ರಿಜಿಸ್ಟರು ನೋಡುವುದು, ಗಿರಾಕಿಯ ಪುಟ ತೆರೆಯುವುದು, ತಾರೀಖು ತುಂಬುವುದು, ಹಸಿರು ಚೀಟಿ ಒತ್ತುವುದು. ದಿನಕ್ಕೆ ಅರವತ್ತು. ಆಮೇಲೆ ಒಂದು ಸೋಮವಾರ ಪುಟ ತೆರೆದಾಗ ಬಣ್ಣ ಕೊಂಚ ಬೇರೆಯಾಗಿತ್ತು. ನಿಮಗಾಗಿ ಹೊಸ ವಿನ್ಯಾಸ, ಏನೇನು ಬದಲಾಗಿದೆ ತಿಳಿಯಿರಿ ಎಂಬ ಡಬ್ಬಿಯೊಂದು ಎದ್ದು ನಿಂತಿತು. ಗುಮಾಸ್ತರು ಅದನ್ನು ಜಾಹೀರಾತೆಂದು ಬಗೆದು ಮುಚ್ಚಿದರು. ಎಡಗಡೆಯ ಪಟ್ಟಿಯಲ್ಲಿ ಗಿರಾಕಿಗಳು ಇದ್ದಲ್ಲೇ ಇದ್ದರು. ಆದರೆ ಗಿರಾಕಿಯ ಪುಟದಲ್ಲಿ 'ಉಳಿಸು' ಎಂಬ ಗುಂಡಿ ಮೇಲಕ್ಕೆ ಹೋಗಿ, ಅದರ ಜಾಗಕ್ಕೆ 'ಪಕ್ಕಕ್ಕಿಡು' ಎಂಬುದು ಬಂದು ಕೂತಿತ್ತು. ಇನ್ನು ಬೇಡವಾದ ಗಿರಾಕಿಯನ್ನು ಪಟ್ಟಿಯಿಂದ ತೆಗೆದು ಬೇರೆ ಕೋಣೆಯಲ್ಲಿಡುವ ಗುಂಡಿ ಅದು. ಅದರ ಮೇಲೆ ಹಸಿರು ಚೀಟಿ ಇದ್ದುದರಿಂದ ಅಲ್ಲಿ ಏನು ಬರೆದಿದೆ ಎಂದು ಓದುವ ಸಂಭವವೇ ಇರಲಿಲ್ಲ. ಒತ್ತಿದರೆ ಮೂಲೆಯಲ್ಲಿ ಅದೇ ಹಸಿರು ಗುರುತು ಮಿಂಚುತ್ತಿತ್ತು.

ಹೀಗೆ ಗುಮಾಸ್ತರು ನಿಷ್ಠೆಯಿಂದ, ಬೆನ್ನು ನೆಟ್ಟಗೆ ಮಾಡಿ ಕೂತು, ದಿನಕ್ಕೆ ಅರವತ್ತು ಗಿರಾಕಿಗಳನ್ನು ಕಂಪನಿಯಿಂದ ಸಾಗಹಾಕತೊಡಗಿದರು.

ಯಜಮಾನರ ಕೋಣೆಯಲ್ಲೂ ಒಂದು ಪರದೆ ಇತ್ತು. ಅವರು ಬೆಳಿಗ್ಗೆ ಬಂದು ಮೊದಲ ಪುಟದ ತಲೆಯ ಮೇಲೆ ದಪ್ಪಕ್ಷರದಲ್ಲಿರುವ ಒಟ್ಟು ಗಿರಾಕಿಗಳ ಸಂಖ್ಯೆಯನ್ನು ನೋಡುತ್ತಿದ್ದರು. ಮಂಗಳವಾರ ಅದು ಸಾವಿರದ ಏಳುನೂರ ಎಂಬತ್ತಾರಾಗಿತ್ತು. ಬುಧವಾರ ಇನ್ನೂ ಅರವತ್ತು ಕಡಿಮೆ. ಶನಿವಾರದ ಹೊತ್ತಿಗೆ ಮುನ್ನೂರು ಗಿರಾಕಿಗಳು ನಾಪತ್ತೆ. ಯಜಮಾನರಿಗೆ ಊಟ ಸೇರಲಿಲ್ಲ. ಗುಮಾಸ್ತರನ್ನು ಕರೆದು ಕಂಪ್ಯೂಟರಿನಲ್ಲಿ ಏನಾದರೂ ದೋಷವಿದೆಯೇ ಎಂದು ಕೇಳಿದರು. ಗುಮಾಸ್ತರು ತಾವು ದಿನಕ್ಕೆ ಅರವತ್ತು ಜನರನ್ನು ಭದ್ರ ಮಾಡುತ್ತಿರುವುದಾಗಿಯೂ, ಯಂತ್ರ ಹೂವಿನ ಹಾಗೆ ನಡೆಯುತ್ತಿರುವುದಾಗಿಯೂ ತಿಳಿಸಿದರು. ದಿನಕ್ಕೆ ಅರವತ್ತು ಹೋಗುತ್ತಿವೆ, ದಿನಕ್ಕೆ ಅರವತ್ತು ಭದ್ರವಾಗುತ್ತಿವೆ. ಎರಡು ಸಂಖ್ಯೆಯೂ ಒಂದೇ ಅಲ್ಲವೇ ಎಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಯಂತ್ರದಲ್ಲಿ ದೋಷವಿಲ್ಲ ಅಂದ ಮೇಲೆ ಮನುಷ್ಯರಲ್ಲಿ ಇರಲೇಬೇಕು. ಯಜಮಾನರ ಕಣ್ಣು ಮೇಸ್ತ್ರಿಯ ಮೇಲೆ ಬಿತ್ತು. ಮೇಸ್ತ್ರಿ ಎಂದರೆ ರಿಪೇರಿ ವಿಭಾಗದ ಹಿರಿಯ. ತಕ್ಕಡಿಯ ತಟ್ಟೆಗೆ ಬೆರಳು ತಾಗಿಸಿ ಇದು ನಾಲ್ಕು ಗ್ರಾಮ್ ಸುಳ್ಳು ಹೇಳ್ತಿದೆ ಎನ್ನಬಲ್ಲ ಮನುಷ್ಯ. ಹತ್ತೊಂಬತ್ತು ವರ್ಷದಿಂದ ಅವರೂ ಗುಮಾಸ್ತರೂ ಒಂದೇ ಬೆಂಚಿನ ಮೇಲೆ ಬುತ್ತಿ ಬಿಚ್ಚಿದವರು. ಅವರು ಮಾಡಿದ ಅಪರಾಧವೆಂದರೆ, ಅವರ ಅಳಿಯ ಪೇಟೆಯ ಆ ತುದಿಯ ಇನ್ನೊಂದು ತಕ್ಕಡಿ ಅಂಗಡಿಯಲ್ಲಿ ಕೆಲಸಕ್ಕಿದ್ದ.

ಯಜಮಾನರು ಎಲ್ಲರೆದುರು, ನಿಮ್ಮ ಅಳಿಯಂದಿರು ಚೆನ್ನಾಗಿದ್ದಾರಾ ಎಂದು ಕೇಳಿದರು. ಚೆನ್ನಾಗಿದ್ದಾನೆ ಅಂದರು ಮೇಸ್ತ್ರಿ. ಅವರ ಅಂಗಡಿ ವ್ಯಾಪಾರ? ಅದೂ ಚೆನ್ನಾಗಿದೆಯಂತೆ.

"ಇರುತ್ತೆ, ಇರುತ್ತೆ. ನಮ್ಮ ಮುನ್ನೂರು ಗಿರಾಕಿಗಳ ವಿಳಾಸ ಸಿಕ್ಕಿದ್ರೆ ಯಾರ ವ್ಯಾಪಾರ ತಾನೇ ಚೆನ್ನಾಗಿರಲ್ಲ" ಅಂದರು ಯಜಮಾನರು.

ಮೇಸ್ತ್ರಿ ಗುಮಾಸ್ತರ ಕಡೆ ನೋಡಿದರು. ಗುಮಾಸ್ತರು ರಿಜಿಸ್ಟರಿನ ಕಡೆ ನೋಡಿದರು. ಮೇಸ್ತ್ರಿ ಕೆಲಸದ ಮೇಲಂಗಿ ಬಿಚ್ಚಿ, ಮಡಿಸಿ, ಕೌಂಟರಿನ ಮೇಲಿಟ್ಟು ಹೊರಟುಹೋದರು. ಅವನು ಅಂಥವನಲ್ಲ ಸರ್ ಎಂಬ ಮಾತೂ ಗುಮಾಸ್ತರ ಗಂಟಲಿನವರೆಗೆ ಬಂದು ಹಿಂದಕ್ಕೆ ಹೋಯಿತು. ಮಧ್ಯಾಹ್ನ ಬೆಂಚಿನ ಮೇಲೆ ಒಬ್ಬರೇ ಕೂತು ಬುತ್ತಿ ಬಿಚ್ಚಿದರು, ಹಾಗೆಯೇ ಮುಚ್ಚಿದರು. ಗೆಳೆಯನಿಗಾಗಿ ತಾನು ಮಾಡಬಹುದಾದ್ದು ಒಂದೇ, ಗಿರಾಕಿಗಳನ್ನು ಇನ್ನೂ ಬೇಗ ಬೇಗ ಭದ್ರ ಮಾಡುವುದು, ಸಂಖ್ಯೆ ನಿಂತರೆ ಯಜಮಾನರ ಕೋಪವೂ ನಿಲ್ಲುತ್ತದೆ ಎಂದು ತೀರ್ಮಾನಿಸಿದರು. ಸೋಮವಾರದಿಂದ ದಿನಕ್ಕೆ ತೊಂಬತ್ತು ಶುರುವಾಯಿತು.

ಈಗ ಸಂಖ್ಯೆ ದಿನಕ್ಕೆ ತೊಂಬತ್ತರಂತೆ ಇಳಿಯತೊಡಗಿತು. ಯಜಮಾನರು ತಡೆಯಲಾರದೆ, ಹಳೆಯ ರಿಜಿಸ್ಟರಿನಿಂದ ವಿಳಾಸ ಬರೆದುಕೊಂಡು ಒಬ್ಬೊಬ್ಬ ಗಿರಾಕಿಯ ಬಾಗಿಲಿಗೂ ಹೋಗಿ ಕೈಮುಗಿದು ಬನ್ನಿ ಎಂದು ಆಳುಗಳನ್ನು ಅಟ್ಟಿದರು. ಒಬ್ಬೊಬ್ಬರ ಕೈಗೂ ಹಂಚಲು ಒಂದೊಂದು ಬಟ್ಟೆಚೀಲ. ದಿನಸಿ ಅಂಗಡಿಯವನು, ನಾನು ನಿಮ್ಮನ್ನು ಬಿಟ್ಟಿಲ್ಲವಲ್ಲ ಎಂದು ಕಣ್ಣು ಬಿಟ್ಟ. ಅಕ್ಕಸಾಲಿಯೂ ಅದನ್ನೇ ಹೇಳಿದ. ಆಸ್ಪತ್ರೆಯ ನರ್ಸು, ಚೀಲ ಚೆನ್ನಾಗಿದೆ, ಇನ್ನೊಂದು ಕೊಡಿ ಎಂದಳು. ವರದಿ ಕೇಳಿದ ಯಜಮಾನರು, ಬಿಟ್ಟವರು ಯಾರಾದರೂ ಬಿಟ್ಟೆ ಅಂತ ಬಾಯಿಬಿಟ್ಟು ಹೇಳ್ತಾರೇನು, ಇನ್ನೊಂದು ಸುತ್ತು ಹೋಗಿ ಎಂದರು.

ಎರಡನೇ ಸಲವೂ ಕೈಮುಗಿದುಕೊಂಡು ಬಂದವರನ್ನು ಕಂಡು ಗಿರಾಕಿಗಳಿಗೆ ಗುಮಾನಿ ಹುಟ್ಟಿತು. ಸುಮ್ಮನೆ ಯಾರೂ ಚೀಲ ಕೊಡುವುದಿಲ್ಲ. ಕಂಪನಿ ಮುಚ್ಚುತ್ತಿರಬೇಕು. ಬುಧವಾರ ಸಂಜೆಯೊಳಗೆ ಈ ಸುದ್ದಿ ಎದುರುಮನೆಯ ಹೆಡ್‌ಮಾಸ್ಟರನ್ನು ತಲುಪಿ, ಅವರಿಂದ ಗುಮಾಸ್ತರ ಹೆಂಡತಿಗೆ ಮುಟ್ಟಿತು. ಗುರುವಾರ, ರಿಪೇರಿಗೆ ಬಿಟ್ಟ ತಕ್ಕಡಿಗಳನ್ನು ಹೇಗಿದೆಯೋ ಹಾಗೇ ಕೊಡಿ ಎಂದು ಹದಿನಾಲ್ಕು ಜನ ಬಂದು ನಿಂತರು. ಯಜಮಾನರು ಕಿಟಕಿಯಿಂದ ನೋಡಿ, ನಾನು ಹೇಳಲಿಲ್ಲವಾ ಎಂದು ತಲೆ ಮೇಲೆ ಕೈಹೊತ್ತು ಕೂತರು. ಶುಕ್ರವಾರ ಸಗಟು ತರಕಾರಿ ಮಾರುಕಟ್ಟೆಯ ಕಾರ್ಯದರ್ಶಿ ಫೋನು ಮಾಡಿದರು. ಮಾರುಕಟ್ಟೆಯ ನೂರ ನಲವತ್ತು ತಕ್ಕಡಿಗಳೂ ಈ ಕಂಪನಿಯ ಉಸ್ತುವಾರಿಯಲ್ಲಿದ್ದವು. ನಾಳೆ ಬೆಳಿಗ್ಗೆ ಬರುತ್ತೇನೆ, ಒಪ್ಪಂದ ಮುಗಿಸಿಬಿಡೋಣ ಎಂದು ಆ ಮನುಷ್ಯ ಚುಟುಕಾಗಿ ಹೇಳಿ ಫೋನಿಟ್ಟರು.

ಮನೆಯಲ್ಲಿ ಹೆಂಡತಿ, ಕಂಪನಿ ಮುಳುಗುತ್ತಂತೆ ಹೌದೇ ಎಂದು ಕೇಳಿದಳು. ನಾನಿರುವಾಗ ಹೇಗೆ ಮುಳುಗುತ್ತದೆ ಎಂದರು ಗುಮಾಸ್ತರು. ಅದು ಅಕ್ಷರಶಃ ಸರಿಯಾದ ಪ್ರಶ್ನೆಯಾಗಿತ್ತು, ಅವರಿಗೆ ಉತ್ತರ ಗೊತ್ತಿರಲಿಲ್ಲ ಅಷ್ಟೆ. "ಮೇಸ್ತ್ರಿ ಅಣ್ಣ ಕಳ್ಳ ಅಂತಾರಲ್ಲ, ನೀವು ಒಂದು ಮಾತಾದ್ರೂ ಆಡಬಾರದಿತ್ತಾ" ಎಂದು ಹೆಂಡತಿ ಕೇಳಿದಳು. ಗುಮಾಸ್ತರು ಊಟ ಮಾಡದೆ ಎದ್ದರು.

ಶನಿವಾರ ಕಾರ್ಯದರ್ಶಿ ಬರುತ್ತಾರೆಂದು ಟೆಲಿಫೋನಮ್ಮ ಬೇಗ ಬಂದು ಮೇಜು ಕುರ್ಚಿ ಎಲ್ಲ ಒರೆಸಿದಳು. ಗುಮಾಸ್ತರ ಪರದೆಯ ಮೇಲಿದ್ದ ಚೀಟಿಗಳು ಅಂಚು ಕಿತ್ತು ಕೊಳೆ ಹಿಡಿದಿದ್ದವು. ಬಂದವರ ಕಣ್ಣಿಗೆ ಅಸಹ್ಯ ಎಂದು ಉಗುರಿನಿಂದ ಎಬ್ಬಿಸಿ ಏಳನ್ನೂ ಕಿತ್ತು, ಒದ್ದೆ ಬಟ್ಟೆಯಿಂದ ಗಾಜು ಉಜ್ಜಿ ಫಳಫಳ ಮಾಡಿಟ್ಟಳು.

ಗುಮಾಸ್ತರು ಬಂದು ಕುರ್ಚಿಯಲ್ಲಿ ಕೂತು ಬೋಳು ಗಾಜನ್ನು ನೋಡಿದಾಗ ಕೈಕಾಲು ಆಡಲಿಲ್ಲ. ಅಂದಾಜಿನಿಂದ ಒಬ್ಬ ಗಿರಾಕಿಯ ಪುಟ ತೆರೆದರು. ಹಸಿರು ಚೀಟಿ ಇದ್ದ ಜಾಗದಲ್ಲಿ ಏನೋ ಬರೆದಿತ್ತು. ಕನ್ನಡಕ ಏರಿಸಿ, ಈ ತಂತ್ರಾಂಶ ಬಂದ ಮೇಲೆ ಮೊದಲ ಬಾರಿಗೆ, ತಾವು ಒತ್ತುವ ಗುಂಡಿಯ ಮೇಲಿದ್ದುದನ್ನು ಓದಿದರು. ಪಕ್ಕಕ್ಕಿಡು. ಇನ್ನೊಮ್ಮೆ ಓದಿದರು. ಆಮೇಲೆ ಎಡಗಡೆಯ ಪಟ್ಟಿಯನ್ನು ಒಂದೊಂದೇ ಸಾಲಾಗಿ ಕೆಳಗಿನವರೆಗೆ ಓದುತ್ತ ಬಂದರು. ಕಟ್ಟಕಡೆಯ ಸಾಲು: ಪಕ್ಕಕ್ಕಿಟ್ಟವರು, ಎಂಟುನೂರ ಹತ್ತು. ಒತ್ತಿದರು. ದಿನಸಿ ಅಂಗಡಿ, ಅಕ್ಕಸಾಲಿ, ಆಸ್ಪತ್ರೆ, ಎಲ್ಲರೂ ಅಲ್ಲಿ ಸಾಲಾಗಿ ಕೂತಿದ್ದರು. ಆ ಪುಟದ ನೆತ್ತಿಯಲ್ಲಿ 'ಎಲ್ಲರನ್ನೂ ಮರಳಿ ತರು' ಎಂದಿತ್ತು. ಅದನ್ನೂ ಒತ್ತಿದರು. ಎರಡು ವಾರ ಬರೆದ ತಾರೀಖುಗಳು ಹೋದದ್ದು ಹೋದವು, ಗಿರಾಕಿಗಳು ಮಾತ್ರ ಒಬ್ಬರೂ ಬಿಡದೆ ಬಂದರು.

ಅದೇ ಹೊತ್ತಿಗೆ ಒಳಗೆ ಕೂತಿದ್ದ ಕಾರ್ಯದರ್ಶಿಗೆ ಯಜಮಾನರು ಏನು ಹೇಳುವುದೆಂದು ತಿಳಿಯದೆ ಪರದೆಯ ಕಡೆ ತಿರುಗಿದ್ದರು. ಸಂಖ್ಯೆ ಅವರ ಕಣ್ಣೆದುರೇ ಸಾವಿರದ ಮೂವತ್ತಾರರಿಂದ ಸಾವಿರದ ಎಂಟುನೂರ ನಲವತ್ತಾರಕ್ಕೆ ಹಾರಿತು. ಅವರು ಕಾರ್ಯದರ್ಶಿಯ ಕೈ ಹಿಡಿದು ಪರದೆ ತೋರಿಸಿದರು. ಕಾರ್ಯದರ್ಶಿ, ಇಷ್ಟು ಜನ ವಾಪಸು ಬಂದರೆಂದರೆ ಮುಚ್ಚುವ ಮಾತು ಸುಳ್ಳಿರಬೇಕು ಎಂದು ಒಪ್ಪಂದದ ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಯಜಮಾನರು ಅವರೊಂದಿಗೇ ಹೊರಗೆ ಬಂದು ಎಲ್ಲರಿಗೂ ಕೇಳುವಂತೆ ಸಾರಿದರು.

"ನೋಡಿದ್ರಾ, ಹುಳುಕು ಹಲ್ಲು ಕಿತ್ತ ಮೇಲೆ ನೋವು ತಾನಾಗೇ ಹೋಯ್ತು. ಆ ಮೇಸ್ತ್ರಿ ಈ ಬಾಗಿಲು ದಾಟಿದ್ದೇ ಒಳ್ಳೇದಾಯ್ತು."

ಎಲ್ಲರೂ ತಲೆಯಾಡಿಸಿದರು. ಗುಮಾಸ್ತರು ಅಲ್ಲಿಗೇ ಸುಮ್ಮನಿದ್ದಿದ್ದರೆ ಅವರ ಕೂದಲೂ ಕೊಂಕುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಆದರೂ ಎದ್ದು ನಿಂತರು.

"ಸರ್, ಮೇಸ್ತ್ರಿ ಏನೂ ಮಾಡಿಲ್ಲ. ಗಿರಾಕಿಗಳನ್ನ ತೆಗೆದಿದ್ದು ನಾನು. ಗೊತ್ತಿಲ್ಲದೆ ತೆಗೆದೆ. ಈಗ ವಾಪಸ್ ಹಾಕಿದ್ದೂ ನಾನೇ."

ಯಜಮಾನರ ಕಣ್ಣು ಒದ್ದೆಯಾಯಿತು. ಗೆಳೆತನವೆಂದರೆ ಇದು ಎಂದು ಕಾರ್ಯದರ್ಶಿಗೆ ಹೇಳಿದರು. ಕಂಪ್ಯೂಟರನ್ನು ಅರೆದು ಕುಡಿದ ಮನುಷ್ಯ, ಗೆಳೆಯನನ್ನು ಉಳಿಸಲು ದಡ್ಡನ ಪಟ್ಟ ಕಟ್ಟಿಕೊಳ್ಳುತ್ತಿದ್ದಾನೆ, ಇಂಥವರು ಈಗ ಎಲ್ಲಿದ್ದಾರೆ ಎಂದರು. ಇಲ್ಲ ಸರ್, ನಿಜವಾಗಿಯೂ ದಡ್ಡನೇ ಎಂದರು ಗುಮಾಸ್ತರು. ಯಾರೂ ಒಪ್ಪಲಿಲ್ಲ. ಹಾಗಾದರೆ ಹೇಗೆ ತೆಗೆದಿರಿ, ಮಾಡಿ ತೋರಿಸಿ ಎಂದರು ಯಜಮಾನರು.

ಎಲ್ಲರೂ ಪರದೆಯ ಸುತ್ತ ನೆರೆದರು. ದಿನಕ್ಕೆ ತೊಂಬತ್ತು ಸಲ ಮಾಡಿದ ತಪ್ಪನ್ನು ಈಗ ಒಂದೇ ಒಂದು ಸಲ ಮಾಡಬೇಕಿತ್ತು. ಗುಮಾಸ್ತರ ಕೈ ತಪ್ಪಿ ಗಿರಾಕಿಗಳ ಬದಲು ಗುಂಪುಗಳು ತೆರೆದವು. ಅಲ್ಲಿಂದ ಹೊರಬರಲು ಮೂರು ಚುಕ್ಕೆ ಒತ್ತಿದರೆ ಇಡೀ ಪರದೆ ಕಪ್ಪಾಯಿತು. ಇನ್ನೊಂದು ಒತ್ತಿದರೆ ಅಕ್ಷರಗಳು ಕುಂಬಳಕಾಯಿಯಷ್ಟಾದವು. ಮತ್ತೊಂದು ಒತ್ತಿದಾಗ ಎಡಗಡೆಯ ಪಟ್ಟಿಯೇ ಮಡಚಿಕೊಂಡು ಮಾಯವಾಯಿತು. ಹತ್ತು ನಿಮಿಷ ಒದ್ದಾಡಿದರೂ ಗುಮಾಸ್ತರಿಗೆ ಒಬ್ಬ ಗಿರಾಕಿಯನ್ನೂ ಕಳೆಯಲು ಆಗಲಿಲ್ಲ. ಕೊನೆಗೆ ಮೌಸು ಬಿಟ್ಟು ಕೈ ಮಡಿಲಿಗಿಟ್ಟುಕೊಂಡರು.

"ನನಗೆ ಬರಲ್ಲ ಸರ್. ಮೊದಲ ದಿನದಿಂದಲೂ ಬರಲ್ಲ. ಆ ಚೀಟಿಗಳು ಇದ್ದಿದ್ದೇ ಅದಕ್ಕೆ."

ಈಗ ಎಲ್ಲರೂ ನಂಬಿದರು. ಟೆಲಿಫೋನಮ್ಮ ಮೆಲ್ಲಗೆ, ಸಂಖ್ಯೆ ಇಳಿದಾಗ ಯಾರ್ಯಾರು ಹೋದರೆಂದು ನೀವೂ ಪಟ್ಟಿ ತೆರೆದು ನೋಡಬಹುದಿತ್ತಲ್ಲ ಸರ್ ಎಂದು ಯಜಮಾನರನ್ನು ಕೇಳಿದಳು. ಯಜಮಾನರು ಸೂರು ನೋಡಿದರು, ಕಾರ್ಯದರ್ಶಿಯನ್ನು ನೋಡಿದರು. ಆ ಮೇಲಿನ ಸಂಖ್ಯೆ ಬಿಟ್ಟರೆ ನನಗೂ ಅದರಲ್ಲಿ ಏನೂ ಗೊತ್ತಿಲ್ಲಮ್ಮ ಎಂದರು. ಕಾರ್ಯದರ್ಶಿ ನಕ್ಕು, ನಮ್ಮ ಆಫೀಸಿನಲ್ಲೂ ಇದೇ ಪಾಡು ಎಂದು ಎದ್ದು ಹೋದರು. ಒಪ್ಪಂದದ ಕಾಗದವನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ.

ಅವತ್ತೇ ಮಧ್ಯಾಹ್ನ ಯಜಮಾನರೂ ಗುಮಾಸ್ತರೂ ಮೇಸ್ತ್ರಿಯ ಮನೆಗೆ ಹೋದರು. ಮೇಸ್ತ್ರಿ ಜಗಲಿಯಲ್ಲಿ ಕೂತು ಪಕ್ಕದ ಮನೆಯವರ ಗಡಿಯಾರ ಬಿಚ್ಚಿ ಹರಡಿಕೊಂಡಿದ್ದರು. ಯಜಮಾನರು ತಪ್ಪಾಯಿತು ಎಂದರು. ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡು, ಎಲ್ಲರೆದುರು ಅಂದದ್ದನ್ನು ಎಲ್ಲರೆದುರೇ ವಾಪಸು ತಗೊಳ್ಳಿ, ಬರುತ್ತೇನೆ ಎಂದರು. ಯಜಮಾನರು ಒಪ್ಪಿದರು. ಆಮೇಲೆ ಮೇಸ್ತ್ರಿ ಗುಮಾಸ್ತರ ಕಡೆ ತಿರುಗಿದರು.

"ಅವರು ಅಂದಿದ್ದಕ್ಕೆ ನನಗೆ ಅಷ್ಟು ನೋವಾಗಲಿಲ್ಲ ಕಣಯ್ಯ. ನೀನು ರಿಜಿಸ್ಟರ್ ನೋಡ್ತಾ ಕೂತೆಯಲ್ಲ, ಅದು."

ಗುಮಾಸ್ತರು ಕಣ್ಣೊರೆಸಿಕೊಂಡು ಜಗಲಿಯ ಅಂಚಿನಲ್ಲೇ ಕೂತರು. ಮೇಸ್ತ್ರಿ ಇನ್ನೇನೂ ಅನ್ನದೆ ಗಡಿಯಾರದ ಒಂದು ಸ್ಕ್ರೂವನ್ನು ಅವರ ಕೈಗೆ ಕೊಟ್ಟು, ಇದನ್ನು ಬೀಳಿಸದೆ ಹಿಡಿದುಕೋ ಎಂದರು. ಮೇಸ್ತ್ರಿ ಗಡಿಯಾರ ಕೂಡಿಸಿ ಮುಗಿಸುವವರೆಗೆ ಗುಮಾಸ್ತರು ಅದನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು.

ಸೋಮವಾರ ಯಜಮಾನರು ಎಲ್ಲರನ್ನೂ ಸೇರಿಸಿ ಮಾತು ವಾಪಸು ತಗೊಂಡರು. ಮೇಸ್ತ್ರಿ ಮೇಲಂಗಿ ತೊಟ್ಟು, ರಿಪೇರಿ ವಿಭಾಗಕ್ಕೆ ಹೋಗುವ ಬದಲು ನೇರವಾಗಿ ಗುಮಾಸ್ತರ ಮೇಜಿಗೆ ಬಂದು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು. ನನ್ನ ಹೊಟ್ಟೆಗೆ ಹೊಡೆದ ಯಂತ್ರ ಹೇಗಿದೆ ನೋಡೇಬಿಡೋಣ ಎಂದರು. ತಕ್ಕಡಿ ತಪಾಸಣೆ ಮಾಡುವ ಹಾಗೆಯೇ ಎಡಗಡೆಯಿಂದ ಶುರುಮಾಡಿ, ಒಂದೊಂದು ಪಟ್ಟಿಯ ಒಂದೊಂದು ಮಾತನ್ನೂ ಜೋರಾಗಿ ಓದುತ್ತ, ಒತ್ತುತ್ತ, ಓಹೋ ಎನ್ನುತ್ತ ಹೋದರು. ಗುಮಾಸ್ತರು ಒಂದು ಹಾಳೆಯಲ್ಲಿ ಬರೆದುಕೊಂಡರು. ಪುಟದ ಕೆಳಗಿನ ಬಲಮೂಲೆಗೆ ಬಂದಾಗ ಮೇಸ್ತ್ರಿಯ ಬೆರಳು ನಿಂತಿತು.

"ಇಲ್ಲಿ ಸಹಾಯ ಅಂತ ಬರೆದಿದೆಯಲ್ಲೋ. ಮೊದಲಿಂದಲೂ ಇತ್ತಾ?"

ಇತ್ತು ಎಂದರು ಗುಮಾಸ್ತರು.

"ಒತ್ತಿದ್ರೆ ಎಲ್ಲಾ ಹೇಳಿಕೊಡ್ತಿತ್ತಲ್ಲ. ಮತ್ತೆ ಯಾಕೆ ಒತ್ತಲಿಲ್ಲ?"

ಗುಮಾಸ್ತರು ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ ಹೇಳಿದರು.

"ಯಾರಾದ್ರೂ ನೋಡಿಬಿಟ್ಟಿದ್ರೆ?"